ತೋಟದ ಆಳಿನ ಲೆಕ್ಕವೂ ಕಾರ್ಮಿಕ ಕಾಯಿದೆಯೂ



ನಮ್ಮ ಸೀಮೆಯ ಎಷ್ಟೋ ಮನೆಗಳ ಮಕ್ಕಳು ಬೆಂಗಳೂರಿನ ಕಂಪೆನಿಗಳಲ್ಲಿ ಕೆಲಸದಲ್ಲಿದ್ದಾರೆ. ಹಬ್ಬಕ್ಕೆ ಊರಿಗೆ ಬಂದಾಗ ಅವರ ಮಾತಿನಲ್ಲಿ 'ಎಚ್.ಆರ್.' ಎಂಬ ಎರಡು ಅಕ್ಷರ ಪದೇ ಪದೇ ಕೇಳಿಬರುತ್ತದೆ. ರಜೆ ಬೇಕಾದರೆ ಎಚ್.ಆರ್., ಸಂಬಳದಲ್ಲಿ ವ್ಯತ್ಯಾಸವಾದರೆ ಎಚ್.ಆರ್., ಮೇಲಧಿಕಾರಿಯ ಮೇಲೆ ದೂರಿದ್ದರೂ ಎಚ್.ಆರ್. ಇದನ್ನು ಕನ್ನಡದಲ್ಲಿ ಮಾನವ ಸಂಪನ್ಮೂಲ ವಿಭಾಗ ಎನ್ನುತ್ತಾರೆ. ಕೆಲಸಕ್ಕೆ ಜನರನ್ನು ಗೊತ್ತುಮಾಡುವುದು, ಹಾಜರಿ ಇಡುವುದು, ಸಂಬಳ ಬಟವಾಡೆ ಮಾಡುವುದು, ಅಪಘಾತವಾದರೆ ಪರಿಹಾರಕ್ಕೆ ಏರ್ಪಾಟು ಮಾಡುವುದು, ಅಹವಾಲು ಕೇಳುವುದು, ಇವೆಲ್ಲ ಕಾಯಿದೆಗೆ ಸರಿಯಾಗಿ ನಡೆಯುವಂತೆ ನೋಡಿಕೊಳ್ಳುವುದು ಈ ವಿಭಾಗದ ಹೊಣೆ.

ಎರಡು ಎಕರೆ ತೋಟಕ್ಕೂ ಇದಕ್ಕೂ ಏನು ಸಂಬಂಧವೆಂದು ಕೇಳಬಹುದು. ಆದರೆ ಈ ಕೆಲಸಗಳೆಲ್ಲವೂ ನಮ್ಮ ತೋಟಗಳಲ್ಲಿ ನಡೆಯುತ್ತಲೇ ಇವೆ. ಮಾಡುವವರಿಗೆ ಬೇರೆ ಹೆಸರಿಲ್ಲ, ಅಷ್ಟೇ. ಮನೆಯ ಯಜಮಾನ ಆಳು ಕರೆಯುತ್ತಾನೆ, ಯಜಮಾನತಿ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾಳೆ, ಶನಿವಾರ ಸಂಜೆ ಜಗಲಿಯ ಮೇಲೆ ಲೆಕ್ಕವಾಗುತ್ತದೆ. ಆ ಗುರುತು, ಆ ಲೆಕ್ಕ ಹೇಗಿರಬೇಕು, ಅದರಿಂದ ಕಾಯಿದೆ ಹೇಗೆ ಉಳಿಯುತ್ತದೆ ಎಂಬುದನ್ನು ಈ ಪಾಠದಲ್ಲಿ ನೋಡೋಣ.

ಕಾಗೋಡಿನ ಕೊಳಗ

ಲೆಕ್ಕದ ವಿಷಯ ನಮ್ಮ ನೆಲಕ್ಕೆ ಹೊಸದಲ್ಲ. ಕೆಳದಿಯ ಶಿವಪ್ಪನಾಯಕನು 17ನೆಯ ಶತಮಾನದಲ್ಲಿ ಜಮೀನನ್ನು ಅಳತೆ ಮಾಡಿಸಿ ಕಂದಾಯ ಗೊತ್ತುಪಡಿಸಿದ ಪದ್ಧತಿಯನ್ನು ಜನ 'ಶಿಸ್ತು' ಎಂದು ಈಗಲೂ ನೆನೆಯುತ್ತಾರೆ. ಕೊಡಬೇಕಾದುದು ಎಷ್ಟು ಎಂಬುದು ಕೊಡುವವನಿಗೂ ತೆಗೆದುಕೊಳ್ಳುವವನಿಗೂ ಮೊದಲೇ ತಿಳಿದಿರಬೇಕು ಎಂಬುದೇ ಅದರ ತಿರುಳು.

ಈ ತಿರುಳು ತಪ್ಪಿದಾಗ ಏನಾಗುತ್ತದೆ ಎಂಬುದಕ್ಕೆ ಸಾಗರ ತಾಲ್ಲೂಕಿನ ಕಾಗೋಡು ಸಾಕ್ಷಿ. 1951ರ ಏಪ್ರಿಲಿನಲ್ಲಿ ಅಲ್ಲಿ ಗೇಣಿ ರೈತರ ಸತ್ಯಾಗ್ರಹ ಮೊದಲಾಯಿತು. ಎಚ್. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು. ತೀರ್ಥಹಳ್ಳಿ ತಾಲ್ಲೂಕಿನ ಶಾಂತವೇರಿ ಗೋಪಾಲಗೌಡರು ಮತ್ತು ಸಮಾಜವಾದಿ ಪಕ್ಷದವರು ಜೊತೆಗೂಡಿದರು. ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾ ಅವರೇ ಸಾಗರಕ್ಕೆ ಬಂದು ಬಂಧನಕ್ಕೊಳಗಾದರು. ಆ ಹೋರಾಟದ ನಡುವೆ ಇದ್ದ ವಸ್ತು ಒಂದು ಕೊಳಗ. ಗೇಣಿ ಭತ್ತವನ್ನು ಅಳೆದುಕೊಳ್ಳುವ ಕೊಳಗ ನ್ಯಾಯದ ಅಳತೆಗಿಂತ ದೊಡ್ಡದು ಎಂಬುದು ರೈತರ ದೂರು.

ಆಮೇಲೆ ಕಾಲ ಬದಲಾಯಿತು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿದಾರರು ಒಡೆಯರಾದರು. ಈ ಪತ್ರಿಕೆ ಓದುವವರಲ್ಲಿ ಅನೇಕರ ಅಜ್ಜಂದಿರು ಅಂದು ಅಳೆದು ಕೊಡುವ ಬದಿಯಲ್ಲಿ ನಿಂತವರು. ಇನ್ನು ಕೆಲವರ ಅಜ್ಜಂದಿರು ಅಳೆದುಕೊಳ್ಳುವ ಬದಿಯಲ್ಲಿ ಕುಳಿತವರು. ಇಂದು ಇಬ್ಬರ ಮೊಮ್ಮಕ್ಕಳೂ ಆಳು ಕರೆಯುವ ಸಣ್ಣ ಬೆಳೆಗಾರರೇ. ಈಗ ಅಳತೆಯ ಕೊಳಗ ನಮ್ಮ ಕೈಯಲ್ಲಿದೆ. ಆಳಿನ ಹಾಜರಿ ಪುಸ್ತಕವೇ ಆ ಕೊಳಗ.

ಈ ಅಧಿಕಾರಿ ಎಲ್ಲಿಂದ ಬಂದ?

ಮಾನವ ಸಂಪನ್ಮೂಲ ಅಧಿಕಾರಿಯ ಹುದ್ದೆ ನಮ್ಮ ದೇಶದಲ್ಲಿ ಹುಟ್ಟಿದ ಕತೆ ತಿಳಿದರೆ ಅದರ ಉದ್ದೇಶ ಸ್ಪಷ್ಟವಾಗುತ್ತದೆ. ಹಿಂದೆ ಮುಂಬಯಿಯ ಗಿರಣಿಗಳಲ್ಲಿ ಕೆಲಸಗಾರರನ್ನು ಸೇರಿಸುವ, ಬಿಡಿಸುವ ಅಧಿಕಾರ ಜಾಬರ್ ಎಂಬ ಮೇಸ್ತ್ರಿಯ ಕೈಯಲ್ಲಿತ್ತು. ಕೆಲಸ ಕೊಡಿಸಲು ಅವನಿಗೆ ದಸ್ತೂರಿ ಸಲ್ಲಬೇಕಾಗಿತ್ತು. ಕಾರ್ಮಿಕರ ಸ್ಥಿತಿಗತಿಯನ್ನು ಪರಿಶೀಲಿಸಿದ ರಾಯಲ್ ಕಮಿಷನ್ (ಅಧ್ಯಕ್ಷರ ಹೆಸರಿನಿಂದ ಇದನ್ನು ವಿಟ್ಲಿ ಕಮಿಷನ್ ಎನ್ನುತ್ತಾರೆ) 1931ರ ತನ್ನ ವರದಿಯಲ್ಲಿ ಈ ಅಧಿಕಾರವನ್ನು ಜಾಬರನಿಂದ ತೆಗೆದು ಕಾರ್ಮಿಕ ಅಧಿಕಾರಿಗೆ ಕೊಡಬೇಕೆಂದು ಶಿಫಾರಸು ಮಾಡಿತು. ಸ್ವಾತಂತ್ರ್ಯ ಬಂದ ಮೇಲೆ 1948ರ ಕಾರ್ಖಾನೆಗಳ ಕಾಯಿದೆ 500 ಅಥವಾ ಹೆಚ್ಚು ಕೆಲಸಗಾರರಿರುವ ಕಾರ್ಖಾನೆಯಲ್ಲಿ ಕಲ್ಯಾಣ ಅಧಿಕಾರಿ ಇರಲೇಬೇಕೆಂದಿತು. 1951ರ ತೋಟ ಕಾರ್ಮಿಕರ ಕಾಯಿದೆ 300 ಕೆಲಸಗಾರರಿರುವ ತೋಟಕ್ಕೂ ಇದನ್ನು ವಿಧಿಸಿತು. ಈಗಿನ ಹೊಸ ಸಂಹಿತೆಯಲ್ಲಿ ಆ ಸಂಖ್ಯೆ 250.

ಆಳು ಸೇರಿಸುವುದು, ಕೂಲಿ ಎಣಿಸುವುದು ಯಾರೋ ಒಬ್ಬನ ಮರ್ಜಿಗೆ ಬಿಟ್ಟ ವಿಷಯವಾಗಬಾರದು, ಬರೆದಿಟ್ಟ ನಿಯಮದಂತೆ ನಡೆಯಬೇಕು ಎಂಬುದಕ್ಕಾಗಿಯೇ ಈ ಹುದ್ದೆ ಬಂದದ್ದು. ಚಿಕ್ಕಮಗಳೂರು, ಕೊಡಗಿನ ಕಾಫಿ ಎಸ್ಟೇಟುಗಳಲ್ಲಿ ರೈಟರು ಚೆಕ್‌ರೋಲ್ ಬರೆಯುವುದೂ ಇದೇ ಕೆಲಸದ ಒಂದು ಭಾಗ. ಸಣ್ಣ ತೋಟದಲ್ಲಿ ರೈಟರೂ ಇಲ್ಲ, ಅಧಿಕಾರಿಯೂ ಇಲ್ಲ. ಕಾಯಿದೆ ಮಾತ್ರ ಇದೆ.

ಕಾಯಿದೆ ನಮಗೆ ಎಷ್ಟು ಅನ್ವಯ?

'ಕಾರ್ಮಿಕ ಕಾಯಿದೆಯೆಲ್ಲ ದೊಡ್ಡ ಎಸ್ಟೇಟಿನವರಿಗೆ' ಎಂಬ ಮಾತು ನಮ್ಮಲ್ಲಿ ಬೇರೂರಿದೆ. ಇದರಲ್ಲಿ ಅರ್ಧ ಸತ್ಯವಿದೆ. 1951ರ ತೋಟ ಕಾರ್ಮಿಕರ ಕಾಯಿದೆ ಮೊದಲು 25 ಎಕರೆ ಮತ್ತು 30 ಜನ ಕೆಲಸಗಾರರಿರುವ ತೋಟಕ್ಕೆ ಅನ್ವಯಿಸುತ್ತಿತ್ತು. 1981ರ ತಿದ್ದುಪಡಿ ಅದನ್ನು 5 ಹೆಕ್ಟೇರ್ ಮತ್ತು 15 ಜನಕ್ಕೆ ಇಳಿಸಿತು. ಅದರಲ್ಲಿ ಹೆಸರಿಸಿದ ಬೆಳೆಗಳು ಚಹಾ, ಕಾಫಿ, ರಬ್ಬರ್, ಸಿಂಕೋನಾ ಮತ್ತು ಏಲಕ್ಕಿ. ಅಡಿಕೆ ಆ ಪಟ್ಟಿಯಲ್ಲಿ ಇರಲಿಲ್ಲ. ಹೊಸ ಸಂಹಿತೆಯೂ ತೋಟವೆಂದರೆ ಇದೇ ಐದು ಬೆಳೆಗಳ 5 ಹೆಕ್ಟೇರ್ ಅಥವಾ ಹೆಚ್ಚಿನ ಭೂಮಿ ಎನ್ನುತ್ತದೆ. ಆದುದರಿಂದ ಮನೆ, ಶಾಲೆ, ಆಸ್ಪತ್ರೆ ಒದಗಿಸುವ ತೋಟದ ಕಾಯಿದೆಯ ಹೊರೆ ನಮ್ಮ ಸಣ್ಣ ಹಿಡುವಳಿಗಳ ಮೇಲೆ ಬೀಳುವುದಿಲ್ಲ.

ಉಳಿದರ್ಧವನ್ನು ಮರೆಯುವಂತಿಲ್ಲ. 1948ರ ಕನಿಷ್ಠ ವೇತನ ಕಾಯಿದೆಯ ಅನುಸೂಚಿಯ ಎರಡನೆಯ ಭಾಗದಲ್ಲಿ ಇದ್ದದ್ದೇ ವ್ಯವಸಾಯ. ದೇಶದ ಹಳೆಯ 29 ಕಾರ್ಮಿಕ ಕಾಯಿದೆಗಳನ್ನು ನಾಲ್ಕು ಸಂಹಿತೆಗಳಾಗಿ ಸೇರಿಸಿ 2025ರ ನವೆಂಬರ್ 21ರಿಂದ ಜಾರಿಗೆ ತಂದಿದ್ದಾರೆ. ಅವುಗಳಲ್ಲಿ 2019ರ ವೇತನ ಸಂಹಿತೆ ಕನಿಷ್ಠ ವೇತನ, ವೇತನ ಪಾವತಿ, ಬೋನಸ್, ಸಮಾನ ವೇತನ ಎಂಬ ನಾಲ್ಕು ಹಳೆಯ ಕಾಯಿದೆಗಳನ್ನು ಒಳಗೊಂಡಿದೆ. ಇದರ ಕನಿಷ್ಠ ವೇತನದ ವಿಧಿಗೆ ಎಕರೆಯ ಮಿತಿಯಿಲ್ಲ, ಬೆಳೆಯ ಪಟ್ಟಿಯಿಲ್ಲ. ಒಬ್ಬನೇ ಒಬ್ಬ ಆಳನ್ನು ಕರೆದರೂ ಕನಿಷ್ಠ ಕೂಲಿಯ ನಿಯಮ ಅನ್ವಯಿಸುತ್ತದೆ.

ಸಣ್ಣ ಕೃಷಿಕನಿಗೆ ಈ ಸಂಹಿತೆಯ 50ನೆಯ ಕಲಮು ಒಂದು ವಿನಾಯಿತಿ ಕೊಟ್ಟಿದೆ. ಕೆಲಸಕ್ಕೆ ಇಟ್ಟುಕೊಂಡವರೆಲ್ಲರ ರಿಜಿಸ್ಟರ್ ಇಡಬೇಕು, ವೇತನ ಚೀಟಿ ಕೊಡಬೇಕು ಎಂಬುದು ಸಾಮಾನ್ಯ ನಿಯಮ. ವ್ಯವಸಾಯಕ್ಕಾಗಿ 5ಕ್ಕಿಂತ ಹೆಚ್ಚಿಲ್ಲದಷ್ಟು ಜನರನ್ನು ಇಟ್ಟುಕೊಂಡವನಿಗೆ ಇದು ಕಡ್ಡಾಯವಲ್ಲ. ಆದರೆ ನಿರೀಕ್ಷಕರು ಕೇಳಿದಾಗ, ಕೂಲಿ ಕೊಟ್ಟಿರುವುದಕ್ಕೆ ತಕ್ಕಮಟ್ಟಿನ ರುಜುವಾತು ತೋರಿಸಲೇಬೇಕು. ರಿಜಿಸ್ಟರ್ ಬೇಡ, ರುಜುವಾತು ಬೇಕು! ಒಂದು ನೋಟುಪುಸ್ತಕವೂ ಇಲ್ಲದಿದ್ದರೆ ಆ ರುಜುವಾತು ಎಲ್ಲಿಂದ ತರುವುದು?

ರುಜುವಾತಿನ ಹೊಣೆ ಯಾರದು?

ಪಾಠದ ಮುಖ್ಯ ಅಂಶ ಇದು. ಸಾಲದ ವ್ಯಾಜ್ಯದಲ್ಲಿ ಕೊಟ್ಟೆನೆಂದು ಹೇಳುವವನು ತನ್ನ ಮಾತನ್ನು ರುಜುವಾತು ಮಾಡಬೇಕೆಂದು ನಾವೆಲ್ಲ ಬಲ್ಲೆವು. ಕೂಲಿಯ ವಿಷಯದಲ್ಲೂ ಹಾಗೆಯೇ. ಕೂಲಿ ಬಂದಿಲ್ಲ, ಕಡಿಮೆ ಬಂತು ಅಥವಾ ಅನ್ಯಾಯವಾಗಿ ಮುರಿದುಕೊಂಡರು ಎಂದು ಕೆಲಸಗಾರ ಅರ್ಜಿ ಕೊಟ್ಟರೆ, ಕೊಟ್ಟಿದ್ದೇನೆಂದು ರುಜುವಾತು ಮಾಡುವ ಹೊಣೆ ಮಾಲೀಕನದು ಎಂದು ಸಂಹಿತೆಯ 59ನೆಯ ಕಲಮು ಹೇಳುತ್ತದೆ. ಅರ್ಜಿ ಹಾಕಲು ಕೆಲಸಗಾರನಿಗೆ 3 ವರ್ಷ ಅವಕಾಶವಿದೆ. ಬಾಕಿ ಇದೆಯೆಂದು ತೀರ್ಮಾನವಾದರೆ ಅದರ ಮೇಲೆ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸಲು ಅಧಿಕಾರವಿದೆ. ಸಲ್ಲಬೇಕಾದುದಕ್ಕಿಂತ ಕಡಿಮೆ ಕೊಟ್ಟ ಅಪರಾಧಕ್ಕೆ 50,000 ರೂಪಾಯಿವರೆಗೆ ದಂಡವಿದೆ.

ನಮ್ಮ ಭಾಗದಲ್ಲಿ ನುರಿತ ಆಳಿಗೆ ಕೊಡುವ ಕೂಲಿ ಎಷ್ಟೋ ಸಲ ಸರ್ಕಾರದ ಕನಿಷ್ಠ ದರಕ್ಕಿಂತ ಹೆಚ್ಚೇ ಇರುತ್ತದೆ. ನಮ್ಮ ದೌರ್ಬಲ್ಯ ಇರುವುದು ದರದಲ್ಲಲ್ಲ, ದಾಖಲೆಯಲ್ಲಿ. ಕೊಟ್ಟದ್ದಕ್ಕೆ ಗುರುತಿಲ್ಲ. ಗುರುತಿದ್ದರೂ ಅದನ್ನು ಬರೆದವರು ನಾವು ಮಾತ್ರ. ಆಳು ಅದನ್ನು ನೋಡಿಲ್ಲ.

ನಮ್ಮ ಮನೆಯಲ್ಲೇ ನಡೆದದ್ದನ್ನು ಹೇಳುತ್ತೇನೆ. ಹಲವು ವರ್ಷಗಳ ಹಿಂದೆ ಕೊನೆಕೊಯ್ಲು ಮುಗಿದ ಮೇಲೆ ಲೆಕ್ಕಕ್ಕೆ ಕುಳಿತಿದ್ದೆ. ನಮ್ಮ ತೋಟಕ್ಕೆ ಇಪ್ಪತ್ತು ವರ್ಷದಿಂದ ಬರುತ್ತಿದ್ದ ಹೆಂಗಸೊಬ್ಬಳ ಹೆಸರಿನ ಮುಂದೆ ಒಂಬತ್ತು ದಿನವಿತ್ತು. "ಅಯ್ಯಾ, ಅದು ಹನ್ನೊಂದು. ದೀಪಾವಳಿ ಹಿಂದಿನ ವಾರ ಎರಡು ದಿನ ಸೊಪ್ಪು ಹೊತ್ತಿದ್ದೆ" ಎಂದಳು. ನನ್ನ ಪುಸ್ತಕದಲ್ಲಿ ಇಲ್ಲವೆಂದೆ. ಅವಳು ಮುಂದೆ ಮಾತಾಡಲಿಲ್ಲ. ಒಂಬತ್ತು ದಿನದ ಹಣ ತೆಗೆದುಕೊಂಡು ಹೋದವಳು ಮರುವಾರ ಬರಲಿಲ್ಲ. ತಿಂಗಳ ಮೇಲೆ ಸೊಸೈಟಿಯ ಚೀಟಿ ಹುಡುಕುತ್ತಿದ್ದಾಗ ಹಳೆಯ ಪಂಚಾಂಗದ ಅಂಚಿನಲ್ಲಿ ನನ್ನದೇ ಕೈಬರಹದಲ್ಲಿ ಅವಳ ಹೆಸರೂ ಎರಡು ಗೀಟೂ ಕಂಡವು. ಪುಸ್ತಕ ಸಿಗದೆ ಅಂದು ಪಂಚಾಂಗದಲ್ಲಿ ಬರೆದು ಮರೆತಿದ್ದೆ. ಹಣ ತೆಗೆದುಕೊಂಡು ಅವಳ ಮನೆಗೆ ಹೋದೆ. ಹಣ ಇಸಿದುಕೊಂಡಳು, ಕುಡಿಯಲು ಕೊಟ್ಟಳು. ಕೆಲಸಕ್ಕೆ ಮಾತ್ರ ಮತ್ತೆ ಬರಲಿಲ್ಲ. ಅವಳು ಯಾವ ಕಚೇರಿಗೂ ಅರ್ಜಿ ಕೊಡಲಿಲ್ಲ. ಆದರೂ ಎರಡು ದಿನದ ಕೂಲಿಯ ಜಾಗದಲ್ಲಿ ನಾನು ಕಳೆದುಕೊಂಡದ್ದು ಇಪ್ಪತ್ತು ವರ್ಷದ ನಂಬಿಕೆ.

ಪುಸ್ತಕದಲ್ಲಿ ಏನು ಬರೆಯಬೇಕು?

ಇದಕ್ಕೆ ದೊಡ್ಡ ವಿದ್ಯೆ ಬೇಡ. ಇನ್ನೂರು ಪುಟದ ಗೀಟುಪುಸ್ತಕವೊಂದು ಸಾಕು. ಒಬ್ಬೊಬ್ಬರಿಗೆ ಒಂದು ಪುಟ. ಅದರಲ್ಲಿ ಈ ಅಂಶಗಳಿರಲಿ:

1. ಹೆಸರು, ಊರು, ವಯಸ್ಸು, ಕೆಲಸಕ್ಕೆ ಬರಲು ಮೊದಲಾದ ದಿನ.

2. ಒಪ್ಪಿದ ದರ. ದಿನಗೂಲಿಯೋ, ಮರದ ಲೆಕ್ಕವೋ, ಡಬ್ಬದ ಲೆಕ್ಕವೋ ಸ್ಪಷ್ಟವಾಗಿರಲಿ. ದರ ಬದಲಾದ ದಿನವನ್ನೂ ಬರೆಯಬೇಕು.

3. ತಾರೀಖು ಮತ್ತು ಮಾಡಿದ ಕೆಲಸ: ಸೊಪ್ಪು ಹೊರುವುದು, ಕಳೆ ತೆಗೆಯುವುದು, ಔಷಧಿ ಹೊಡೆಯುವುದು, ಕೊನೆ ತೆಗೆಯುವುದು, ಅಡಿಕೆ ಸುಲಿಯುವುದು. ಅರ್ಧ ದಿನವಾದರೆ ಅರ್ಧ ದಿನವೆಂದೇ ಬರೆಯಬೇಕು.

4. ಕೊಟ್ಟ ಮುಂಗಡ, ಮುರಿದುಕೊಂಡ ಮುಂಗಡ, ಉಳಿದ ಬಾಕಿ.

5. ಬಟವಾಡೆಯ ದಿನ, ಮೊತ್ತ ಮತ್ತು ಆಳಿನ ಸಹಿ ಅಥವಾ ಹೆಬ್ಬೆಟ್ಟು. ಬ್ಯಾಂಕಿಗೆ ಅಥವಾ ಫೋನಿನಲ್ಲಿ ಹಣ ಕಳುಹಿಸಿದರೆ ಅದೇ ಒಂದು ದಾಖಲೆ. ಆದರೂ ಅದು ಯಾವ ದಿನಗಳ ಕೂಲಿ ಎಂಬುದನ್ನು ಪುಸ್ತಕದಲ್ಲಿ ಸೂಚಿಸಬೇಕು.

ಇದರ ಜೊತೆಗೆ ಆಳಿನ ಕೈಯಲ್ಲೂ ಒಂದು ಸಣ್ಣ ಪುಸ್ತಕವಿರಲಿ. ದಿನದ ಕೊನೆಗೆ ಎರಡರಲ್ಲೂ ಒಟ್ಟಿಗೇ ಬರೆಯಬೇಕು. ಓದಲು ಬಾರದವರಿಗೆ ಓದಿ ಹೇಳಬೇಕು. ಅವರ ಮನೆಯಲ್ಲಿ ಶಾಲೆಗೆ ಹೋಗುವ ಮಗುವಿದ್ದರೆ ಅದು ಓದಿ ಹೇಳುತ್ತದೆ. ಹಾಲಿನ ಸೊಸೈಟಿಯಲ್ಲಿ ನಾವು ಹಾಕಿದ ಹಾಲನ್ನು ಸೊಸೈಟಿಯ ಪುಸ್ತಕದಲ್ಲೂ ನಮ್ಮ ಪುಸ್ತಕದಲ್ಲೂ ಬರೆಯುವುದಿಲ್ಲವೇ? ಅಲ್ಲಿ ನಾವು ಬೇಡುವ ನ್ಯಾಯವನ್ನೇ ಇಲ್ಲಿ ಆಳಿಗೆ ಕೊಟ್ಟಂತಾಗುತ್ತದೆ.

ಅಡಿಕೆ ಸುಲಿಯುವ ಕಾಲದಲ್ಲಿ ಇನ್ನೂ ಒಂದು ಎಚ್ಚರ ಬೇಕು. ಮೆಟ್ಟುಗತ್ತಿಯ ಮುಂದೆ ಕುಳಿತು ಸುಲಿದದ್ದಕ್ಕೆ ಅಳತೆಯ ಮೇಲೆ ಕೂಲಿ. ಅಳತೆಯ ಡಬ್ಬ ಎಲ್ಲರಿಗೂ ಒಂದೇ ಆಗಿರಲಿ, ತಗ್ಗಿಬಗ್ಗಿದ್ದು ಬೇಡ. ರಾಶಿ ಹಾಕಿ ತುಂಬುವುದೋ ಬಾಯಿಗೆ ಸಮನಾಗಿ ಗೀರುವುದೋ ಮೊದಲೇ ಗೊತ್ತಾಗಿರಬೇಕು. ಕಾಗೋಡಿನ ಕೊಳಗದ ಮಾತು ನೆನಪಾಗಬೇಕಾದ ಜಾಗ ಇದೇ. ಅಳತೆಯ ಕೂಲಿಯೆಂದ ಮಾತ್ರಕ್ಕೆ ಕನಿಷ್ಠ ವೇತನದ ನಿಯಮ ತಪ್ಪುವುದಿಲ್ಲ ಎಂಬುದೂ ತಿಳಿದಿರಲಿ. ಕನಿಷ್ಠ ದಿನಗೂಲಿ ಗೊತ್ತಾಗಿರುವ ಕೆಲಸವನ್ನು ಅಳತೆಯ ಮೇಲೆ ಮಾಡಿಸಿದರೂ ಆ ದಿನಗೂಲಿಗಿಂತ ಕಡಿಮೆ ಕೊಡುವಂತಿಲ್ಲ.

ದಿನಗೂಲಿಯವರಿಗೆ ಆ ದಿನದ ಕೆಲಸ ಮುಗಿದಾಗ, ವಾರದ ಬಟವಾಡೆಯಾದರೆ ವಾರದ ಕೊನೆಯ ಕೆಲಸದ ದಿನ, ತಿಂಗಳದಾದರೆ ಮುಂದಿನ ತಿಂಗಳ 7ರೊಳಗೆ ಕೂಲಿ ಸಲ್ಲಬೇಕು. 'ಅಡಿಕೆ ಮಾರಿದ ಮೇಲೆ ಕೊಡುತ್ತೇನೆ' ಎಂಬ ಮಾತಿಗೆ ಕಾಯಿದೆಯಲ್ಲಿ ಸ್ಥಾನವಿಲ್ಲ.

ಮುಂಗಡವೆಂಬ ಹಗ್ಗ

ಆಳು ಸಿಗದ ಈ ಕಾಲದಲ್ಲಿ ಮುಂಗಡ ಕೊಟ್ಟು ಹಿಡಿದಿಟ್ಟುಕೊಳ್ಳುವ ರೂಢಿ ಬೆಳೆದಿದೆ. ಮಗಳ ಮದುವೆಗೋ ಆಸ್ಪತ್ರೆಗೋ ಹಣ ಕೊಡುವುದು ಮನುಷ್ಯತ್ವ. ಆದರೆ 'ಮುಂಗಡ ತೀರುವ ತನಕ ಬೇರೆ ತೋಟಕ್ಕೆ ಕಾಲಿಡಬಾರದು' ಎಂದ ಕೂಡಲೇ ಅದರ ಬಣ್ಣ ಬದಲಾಗುತ್ತದೆ. 1976ರ ಜೀತಪದ್ಧತಿ ನಿರ್ಮೂಲನ ಕಾಯಿದೆ ಇಂದಿಗೂ ಜಾರಿಯಲ್ಲಿದೆ. ಮುಂಗಡದ ಕಾರಣದಿಂದ ಬೇರೆ ಕಡೆ ಕೆಲಸಕ್ಕೆ ಹೋಗುವ, ಇಷ್ಟಬಂದಲ್ಲಿಗೆ ಹೋಗುವ ಸ್ವಾತಂತ್ರ್ಯ ತಪ್ಪಿದರೆ ಅಥವಾ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಯಬೇಕಾಗಿ ಬಂದರೆ ಅದು ಜೀತವೇ. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೆಯ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಎಂದು ಸುಪ್ರೀಂ ಕೋರ್ಟು 1982ರಲ್ಲಿ, ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳ ಮೊಕದ್ದಮೆಯಲ್ಲಿ, ಹೇಳಿದೆ.

ಈಗ ಉತ್ತರ ಕರ್ನಾಟಕದಿಂದ ಮಾತ್ರವಲ್ಲ, ಜಾರ್ಖಂಡ್, ಅಸ್ಸಾಂ ಕಡೆಯಿಂದಲೂ ಜನ ಮಲೆನಾಡಿನ ತೋಟಗಳಿಗೆ ಬರುತ್ತಾರೆ. ಅವರನ್ನು ಕರೆತಂದ ಮೇಸ್ತ್ರಿಯ ಕೈಗೇ ಎಲ್ಲರ ಹಣವನ್ನೂ ಕೊಟ್ಟುಬಿಡುವುದು ಸುಲಭ. ಆದರೆ ಮುಂಬಯಿ ಗಿರಣಿಯ ಜಾಬರನನ್ನು ನಾವೇ ಮನೆಗೆ ಕರೆದಂತಾಗುತ್ತದೆ. ಕನ್ನಡ ಬಾರದವನಿಗೂ ಅಂಕಿ ಬರುತ್ತದೆ. ಒಬ್ಬೊಬ್ಬನಿಗೂ ಪ್ರತ್ಯೇಕ ಪುಟ ತೆರೆದು ಅವನವನ ಕೈಗೇ ಬಟವಾಡೆ ಮಾಡುವುದು ಕ್ಷೇಮ. ಆಧಾರ್ ಚೀಟಿಯ ನಕಲು ತೆಗೆದುಕೊಂಡು ಮೂಲವನ್ನು ತಕ್ಷಣ ಹಿಂತಿರುಗಿಸಬೇಕು. ಒತ್ತೆ ಇಟ್ಟುಕೊಳ್ಳಬಾರದು.

ಮುಂಗಡವನ್ನು ಕೂಲಿಯಲ್ಲಿ ಮುರಿದುಕೊಳ್ಳಲು ಅವಕಾಶವಿದೆ. ಆದರೆ ಒಂದು ಬಟವಾಡೆಯಲ್ಲಿ ಎಲ್ಲ ಕಡಿತಗಳೂ ಸೇರಿ ಕೂಲಿಯ ಅರ್ಧವನ್ನು ಮೀರಬಾರದು.

ಹೆಣ್ಣಾಳು, ಗಂಡಾಳು

ಒಂದೇ ಕಳೆ, ಒಂದೇ ಸಾಲು, ಒಂದೇ ಹೊತ್ತು, ಆದರೆ ಎರಡು ಕೂಲಿ. ಇದು ನಮ್ಮ ಹಳೆಯ ರೂಢಿ. 1976ರ ಸಮಾನ ವೇತನ ಕಾಯಿದೆ ಇದನ್ನು ಒಪ್ಪಲಿಲ್ಲ. ಈಗಿನ ವೇತನ ಸಂಹಿತೆಯ 3ನೆಯ ಕಲಮು ಕೂಡ ಒಪ್ಪುವುದಿಲ್ಲ. ಮರ ಹತ್ತಿ ಕೊನೆ ತೆಗೆಯುವ ಕೊನೆಗೌಡನಿಗೆ ಅವನ ನೈಪುಣ್ಯಕ್ಕೂ ಅಪಾಯಕ್ಕೂ ತಕ್ಕ ಹೆಚ್ಚಿನ ದರ ಕೊಡುವುದಕ್ಕೆ ಅಡ್ಡಿಯಿಲ್ಲ, ಏಕೆಂದರೆ ಆ ಕೆಲಸವೇ ಬೇರೆ. ಆದರೆ ಗೊಬ್ಬರ ಹೊರುವ, ಸೊಪ್ಪು ಹರಡುವ, ಕಳೆ ಕೀಳುವ ಕೆಲಸದಲ್ಲಿ ಗಂಡಿಗೊಂದು ಹೆಣ್ಣಿಗೊಂದು ದರ ಇರುವಂತಿಲ್ಲ. ದರವನ್ನು ಕೆಲಸದ ಹೆಸರಿನ ಮುಂದೆ ಬರೆಯಬೇಕು, ಆಳಿನ ಹೆಸರಿನ ಮುಂದಲ್ಲ. ಹೀಗೆ ಬರೆದರೆ ತಪ್ಪು ತಾನಾಗಿ ಕಣ್ಣಿಗೆ ಬೀಳುತ್ತದೆ.

ಮಕ್ಕಳ ವಿಷಯವನ್ನೂ ಇಲ್ಲೇ ಹೇಳಬೇಕು. 1986ರ ಬಾಲಕಾರ್ಮಿಕ ಕಾಯಿದೆಗೆ 2016ರಲ್ಲಿ ಆದ ತಿದ್ದುಪಡಿಯಂತೆ 14 ವರ್ಷ ತುಂಬದ ಮಗುವನ್ನು ಯಾವ ಕೆಲಸಕ್ಕೂ ಕೂಲಿಗೆ ಇಟ್ಟುಕೊಳ್ಳುವಂತಿಲ್ಲ. ಆಳಿನ ಜೊತೆಗೆ ಬಂದ ಮಗು ಉದುರಡಿಕೆ ಹೆಕ್ಕಿದರೆ ಐವತ್ತು ರೂಪಾಯಿ ಕೊಡುವುದು ಪ್ರೀತಿಯಂತೆ ಕಂಡರೂ ಕಾಯಿದೆಯ ಕಣ್ಣಿಗೆ ಅದು ಕೂಲಿ.

ಮರದಿಂದ ಬಿದ್ದರೆ

ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು ಮಳೆಗಾಲದಲ್ಲಿ. ಮರ ಜಾರುತ್ತದೆ, ಗಾಳಿ ಬೀಸುತ್ತದೆ, ಒಂದು ಮರದ ತಲೆಯಿಂದ ಇನ್ನೊಂದಕ್ಕೆ ದಾಟುವ ಕೆಲಸ ಅದು. ಹೀಗೆ ಬಿದ್ದು ಸೊಂಟ ಮುರಿದುಕೊಂಡವರು, ಜೀವ ಕಳೆದುಕೊಂಡವರು ಇಲ್ಲದ ಹೋಬಳಿ ನಮ್ಮಲ್ಲಿ ಇದೆಯೇ?

1923ರ ಪರಿಹಾರ ಕಾಯಿದೆ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿದೆ. ವ್ಯವಸಾಯದಲ್ಲಿ ಅಥವಾ ತೋಟದಲ್ಲಿ ಕೀಟನಾಶಕ ಸಿಂಪಡಿಸುವ ಕೆಲಸ ಅದರ ಪಟ್ಟಿಯಲ್ಲಿ ಹೆಸರಿಸಿಯೇ ಇದೆ. ದಿನಗೂಲಿಯವನೆಂಬ ಕಾರಣಕ್ಕೆ ಹೊಣೆ ತಪ್ಪುವುದಿಲ್ಲ. ಪರಿಹಾರದ ಲೆಕ್ಕ ಹೀಗೆ: ಸಾವಾದರೆ ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿಗೆ ಗೊತ್ತಾದ ಅಂಕಿಯಿಂದ ಗುಣಿಸಬೇಕು. 40 ವರ್ಷದವನಿಗೆ ಆ ಅಂಕಿ 184.17. ತಿಂಗಳ ಕೂಲಿ 15,000 ರೂಪಾಯಿ ಎಂದು ಹಿಡಿದರೆ 7,500ನ್ನು 184.17ರಿಂದ ಗುಣಿಸಬೇಕು. ಬರುವ ಮೊತ್ತ 13,81,275 ರೂಪಾಯಿ. ಎರಡು ಎಕರೆ ತೋಟದ ಮನೆಗೆ ಇದು ಸಣ್ಣ ಮಾತಲ್ಲ. ಕೊಡದಿದ್ದರೆ ಸತ್ತವನ ಹೆಂಡತಿ ಮಕ್ಕಳ ಪಾಲಿಗೂ ಸಣ್ಣ ಮಾತಲ್ಲ.

ಇಲ್ಲಿ ಮೂರು ತಪ್ಪು ತಿಳಿವಳಿಕೆಗಳನ್ನು ಬಿಡಬೇಕು. 'ಗುತ್ತಿಗೆಗೆ ಕೊಟ್ಟಿದ್ದೇನೆ, ಹೊಣೆ ಅವನದು' ಎನ್ನುವುದು ಮೊದಲನೆಯದು. ನಮ್ಮ ಕಸುಬಿನದೇ ಕೆಲಸವನ್ನು ನಮ್ಮ ಜಾಗದಲ್ಲಿ ಗುತ್ತಿಗೆದಾರನಿಂದ ಮಾಡಿಸಿದರೂ ಗಾಯಗೊಂಡವನು ನಮ್ಮನ್ನು ಕೇಳಬಹುದು. ನಾವು ಕೊಟ್ಟು ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕು. 'ಅವನು ಕುಡಿದಿದ್ದ' ಎನ್ನುವುದು ಎರಡನೆಯದು. ಸಾವು ಅಥವಾ ಪೂರ್ಣ ಶಾಶ್ವತ ಅಂಗವೈಕಲ್ಯವಾದರೆ ಈ ನೆಪ ನಡೆಯುವುದಿಲ್ಲ. ಕುಡಿದವನನ್ನು ಮರ ಹತ್ತಗೊಡದಿರುವುದೇ ಉಪಾಯ. 'ಮನೆಯವರಿಗೆ ಹಣ ಕೊಟ್ಟು ಪಂಚರ ಮುಂದೆ ಇತ್ಯರ್ಥ ಮಾಡಿಕೊಂಡೆ' ಎನ್ನುವುದು ಮೂರನೆಯದು. ಸಾವಿನ ಪರಿಹಾರವನ್ನು ಅಧಿಕಾರಿಯ ಬಳಿ ಠೇವಣಿ ಇಟ್ಟರೆ ಮಾತ್ರ ಅದು ಪರಿಹಾರವೆನಿಸುತ್ತದೆ. ಕೈಗೆ ಕೊಟ್ಟ ಹಣ, ಅಲ್ಪ ಮುಂಗಡವನ್ನು ಬಿಟ್ಟು, ಲೆಕ್ಕಕ್ಕೆ ಬಾರದೆ ಹೋಗಬಹುದು.

ಹಾಗಾದರೆ ಉಪಾಯವೇನು? ಮೊದಲನೆಯದು ಮರ ಹತ್ತುವುದನ್ನೇ ಕಡಿಮೆ ಮಾಡುವುದು. ಕಾರ್ಬನ್ ಫೈಬರ್ ದೋಟಿಯಿಂದ ನೆಲದ ಮೇಲೆ ನಿಂತೇ ಔಷಧಿ ಹೊಡೆಯುವುದು, ಕೊನೆ ಇಳಿಸುವುದು ಈಗ ನಮ್ಮಲ್ಲಿ ಕಾಣುವ ಸಂಗತಿ. ಎರಡನೆಯದು ವಿಮೆ. ಸಾಮಾನ್ಯ ವಿಮಾ ಕಂಪೆನಿಗಳಲ್ಲಿ ಕೆಲಸಗಾರರ ಪರಿಹಾರದ ಹೊಣೆಗೇ ಬೇರೆ ವಿಮೆಯಿದೆ. ಇದಲ್ಲದೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ವರ್ಷಕ್ಕೆ 20 ರೂಪಾಯಿಗೆ, ಅಪಘಾತದಲ್ಲಿ ಸಾವಾದರೆ 2 ಲಕ್ಷ ರೂಪಾಯಿ ಸಿಗುತ್ತದೆ. ಆಳಿನ ಬ್ಯಾಂಕ್ ಖಾತೆಯಿಂದಲೇ ಅದು ಆಗಬೇಕು. ಇದು ಮಾಲೀಕನ ಹೊಣೆಯನ್ನು ತೀರಿಸುವುದಿಲ್ಲ. ಸಂಸಾರಕ್ಕೆ ಒಂದು ಆಸರೆ ಅಷ್ಟೇ. ಮೂರನೆಯದು ಮತ್ತೆ ಪುಸ್ತಕ. ವಿಮೆಯವರು ಕೇಳುವ ಮೊದಲ ಪ್ರಶ್ನೆಯೇ 'ಆ ದಿನ ಅವನು ನಿಮ್ಮಲ್ಲಿ ಕೆಲಸಕ್ಕಿದ್ದನೇ, ಕೂಲಿ ಎಷ್ಟು?' ಎಂದು. ಪುಸ್ತಕದಲ್ಲಿ ಬರೆದಿದ್ದರೆ ಮಾಲೀಕನೂ ಉಳಿಯುತ್ತಾನೆ, ಸಂಸಾರವೂ ಉಳಿಯುತ್ತದೆ. ಬರೆಯದಿದ್ದರೆ ಇಬ್ಬರೂ ಒಟ್ಟಿಗೇ ಮುಳುಗುತ್ತಾರೆ.

ಸಂಘ ಏನು ಮಾಡಬಹುದು?

ಒಂದು ಕಾಲದಲ್ಲಿ ಅಡಿಕೆ ಮಾರುವುದೂ ಒಬ್ಬೊಬ್ಬನ ಪಾಡೇ ಆಗಿತ್ತು. ದಲಾಲಿಯ ತಕ್ಕಡಿ ಹೇಳಿದ್ದೇ ತೂಕ. ಆ ಕಷ್ಟದಿಂದಲೇ ಸಹಕಾರಿ ಸಂಘಗಳು ಹುಟ್ಟಿದವು. ನಮ್ಮ ಜಿಲ್ಲೆಯ ಮ್ಯಾಮ್‌ಕೋಸ್ 1939ರಷ್ಟು ಹಿಂದಿನದು. ನಂಬುವ ತಕ್ಕಡಿಯೊಂದನ್ನು ಕೂಡಿ ಇಟ್ಟುಕೊಂಡ ನಾವು, ಆಳಿನ ಲೆಕ್ಕವನ್ನೂ ಕೂಡಿಯೇ ಇಟ್ಟುಕೊಳ್ಳಬಹುದು.

ದೊಡ್ಡ ಕಂಪೆನಿಯ ಮಾನವ ಸಂಪನ್ಮೂಲ ವಿಭಾಗ ಮಾಡುವುದನ್ನು ನಲವತ್ತು ಐವತ್ತು ತೋಟಗಳ ಪರವಾಗಿ ಪ್ರಾಥಮಿಕ ಸಂಘದ ಒಬ್ಬ ಗುಮಾಸ್ತ ಮಾಡಬಲ್ಲ. ಒಂದೇ ಮಾದರಿಯ ಹಾಜರಿ ಪುಸ್ತಕ ಅಚ್ಚು ಹಾಕಿಸಿ ಕೊಡುವುದು, ಸರ್ಕಾರ ಕನಿಷ್ಠ ವೇತನವನ್ನು ಪರಿಷ್ಕರಿಸಿದಾಗ ಹೊಸ ದರವನ್ನು ಹಲಗೆಯ ಮೇಲೆ ಬರೆಯುವುದು, ಕೊನೆಗೌಡರಿಗೂ ಔಷಧಿ ಹೊಡೆಯುವವರಿಗೂ ಮಳೆಗಾಲಕ್ಕೆ ಮೊದಲೇ ಒಟ್ಟಾಗಿ ವಿಮೆ ಮಾಡಿಸುವುದು, 2021ರಲ್ಲಿ ಆರಂಭವಾದ ಇ-ಶ್ರಮ್ ಪಟ್ಟಿಯಲ್ಲಿ ಅಸಂಘಟಿತ ಕೆಲಸಗಾರರ ಹೆಸರು ಸೇರಿಸಲು ನೆರವಾಗುವುದು ಅವನ ಕೆಲಸ.

ಇಷ್ಟೇ ಆದರೆ ಅದು ಅರ್ಧ ಕೆಲಸ. ವಿವಾದ ಬಂದಾಗ ಕೇಳಲು ಬೆಳೆಗಾರರಿಬ್ಬರು, ಕೆಲಸಗಾರರಿಬ್ಬರು ಕೂಡಿದ ಪಂಚಾಯಿತಿಯೊಂದು ಸಂಘದಲ್ಲಿರಬೇಕು. ಕಂಪೆನಿಯ ಎಚ್.ಆರ್. ಬಗ್ಗೆ ನಮ್ಮ ಮಕ್ಕಳು ಹೇಳುವ ದೂರನ್ನೂ ಕೇಳಿದ್ದೇವಲ್ಲವೇ? 'ಅವರು ಕಂಪೆನಿಯ ಕಡೆಯವರು' ಎಂದು. ಮಾಲೀಕನ ಸಂಬಳ ತಿನ್ನುವವನು ಕೆಲಸಗಾರನ ನ್ಯಾಯ ನೋಡುವುದು ಕಷ್ಟವೇ. ನಮ್ಮ ಪುಸ್ತಕಕ್ಕೂ ಈ ಮಾತು ಸಲ್ಲುತ್ತದೆ. ಬರೆಯುವವರು ನಾವು, ಕೊಡುವವರೂ ನಾವು. ಅದಕ್ಕೇ ಎರಡನೆಯ ಪುಸ್ತಕ ಆಳಿನ ಕೈಯಲ್ಲಿರಬೇಕು, ಪಂಚಾಯಿತಿಯಲ್ಲಿ ಎರಡನೆಯ ಚಾಪೆ ಅವನಿಗಿರಬೇಕು. ಸಂಘದ ಪಂಚಾಯಿತಿಯಿದೆ ಎಂಬ ಕಾರಣಕ್ಕೆ ಕಾರ್ಮಿಕ ಇಲಾಖೆಗೆ ಹೋಗುವ ಅವನ ಹಕ್ಕಿಗೆ ಯಾರೂ ಅಡ್ಡಬರಬಾರದು.

ನಿರೀಕ್ಷಕರು ನಮ್ಮ ತೋಟಕ್ಕೆ ಎಂದೂ ಬಾರದೆ ಇರಬಹುದು. ಆದರೆ ಶನಿವಾರ ಸಂಜೆ ಪ್ರತಿ ವಾರವೂ ಬರುತ್ತದೆ. ಜಗಲಿಯ ಮೇಲೆ ಎರಡು ಪುಸ್ತಕ ಬಿಚ್ಚಿ, ಎರಡರಲ್ಲೂ ಒಂದೇ ಅಂಕಿಯಿದ್ದರೆ, ಆ ಜಗಲಿಯ ಮಟ್ಟಿಗೆ ಕಾಯಿದೆ ಜಾರಿಯಲ್ಲಿದೆ ಎಂದೇ ಅರ್ಥ.

ಸಂಘದ ಸಭೆಯಲ್ಲಿ ಚರ್ಚೆಗೆ ಪ್ರಶ್ನೆಗಳು

1. ಕಳೆದ ಕೊಯ್ಲಿನಲ್ಲಿ ನಿಮ್ಮ ತೋಟಕ್ಕೆ ಬಂದ ಪ್ರತಿಯೊಬ್ಬ ಆಳಿಗೆ ಕೊಟ್ಟ ಕೂಲಿಯನ್ನು ಇಂದು ರುಜುವಾತು ಮಾಡಬಲ್ಲಿರಾ? ಯಾವ ದಾಖಲೆಯಿಂದ?

2. ನಿಮ್ಮಲ್ಲಿ ಹೆಣ್ಣಾಳಿಗೂ ಗಂಡಾಳಿಗೂ ಬೇರೆ ದರವಿರುವ ಕೆಲಸಗಳನ್ನು ಪಟ್ಟಿ ಮಾಡಿರಿ. ಅವುಗಳಲ್ಲಿ ನಿಜವಾಗಿ ಬೇರೆಯಾದ ಕೆಲಸ ಎಷ್ಟು?

3. 35 ವರ್ಷದವನಿಗೆ ಪರಿಹಾರದ ಅಂಕಿ 197.06. ತಿಂಗಳ ಕೂಲಿ 12,000 ರೂಪಾಯಿಯಾದರೆ ಸಾವಿನ ಪರಿಹಾರವೆಷ್ಟು? (ಉತ್ತರ: 11,82,360 ರೂಪಾಯಿ.) ಇಷ್ಟನ್ನು ನಿಮ್ಮ ಮನೆ ಯಾವ ಮೂಲದಿಂದ ಕೊಡಬಲ್ಲದು?

4. ನಿಮ್ಮ ಊರಿನ ಅಡಿಕೆ ಸುಲಿಯುವ ಡಬ್ಬಗಳೆಲ್ಲ ಒಂದೇ ಅಳತೆಯವೇ? ಮುಂದಿನ ಸಭೆಗೆ ತಂದು ಅಳೆದು ನೋಡಿರಿ.